ಶಾಂತಿನಾಥ ದೇಸಾಯಿಯವರ ಪರಿಚಯ ಬರೆದ ಬಗೆ

ನಮ್ಮ ಕಾಲೇಜಿನ ಕನ್ನಡ ವಿಭಾಗದ ಕಿರುಹೊತ್ತಗೆಗೆ ಶಾಂತಿನಾಥ ದೇಸಾಯಿಯವರ ಪರಿಚಯ ಬರೆಯುವ ಕೆಲಸ ನನ್ನ ಪಾಲಿಗೆ ಬಂದಾಗ, ಜೀವನ, ವೃತ್ತಿ, ಕೃತಿಗಳು ಎಂದು ಮೂರು ಭಾಗ ಮಾಡುವ ರೂಢಿಯನ್ನು ಮೊದಲೇ ಕೈಬಿಟ್ಟೆ. ಹಾಗೆ ಬರೆದ ಲೇಖನಗಳಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರೇ ಒಬ್ಬರು, ಕನ್ನಡ ಕಾದಂಬರಿಕಾರರೇ ಮತ್ತೊಬ್ಬರು ಎನ್ನುವಂತೆ ತೋರುತ್ತದೆ.

ಉದ್ದನೆಯ ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಊರು ಹಾಗೂ ಹುದ್ದೆಗಳನ್ನು, ಬಲಕ್ಕೆ ಪುಸ್ತಕಗಳನ್ನು ಬರೆದುಕೊಂಡೆ. ಎಡಬದಿ ಬೇಗ ತುಂಬಿತು: 1929ರಲ್ಲಿ ಹಳಿಯಾಳದಲ್ಲಿ ಜನನ, ಇಂಗ್ಲೆಂಡಿನ ಲೀಡ್ಸ್‌ನಲ್ಲಿ ವ್ಯಾಸಂಗ, ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕ, 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯದ ಮೊದಲ ಕುಲಪತಿ, 1998ರಲ್ಲಿ ನಿಧನ. ಬಲಬದಿಗೆ ಹೆಚ್ಚು ಸಮಯ ಹಿಡಿಯಿತು. ಗ್ರಂಥಾಲಯದಲ್ಲಿದ್ದ ಪ್ರತಿಗಳಲ್ಲಿ ಹಲವು ಮರುಮುದ್ರಣಗಳಾಗಿದ್ದುದರಿಂದ, ಪ್ರತಿಯೊಂದರ ಮುದ್ರಣ ವಿವರದ ಪುಟ ತೆರೆದು ಮೊದಲ ಮುದ್ರಣದ ವರ್ಷವನ್ನಷ್ಟೇ ಎತ್ತಿಕೊಂಡೆ.

ಕಾದಂಬರಿಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ 1961ರ ‘ಮುಕ್ತಿ’ಗೂ 1971ರ ‘ವಿಕ್ಷೇಪ’ಕ್ಕೂ ನಡುವೆ ಹತ್ತು ವರ್ಷಗಳ ಅಂತರ ಕಾಣುತ್ತದೆ, ಪಾಠ ಹೇಳುವ ಕೆಲಸವೇ ಬರವಣಿಗೆಯನ್ನು ನುಂಗಿತೆಂದು ಬರೆದುಬಿಡುವುದು ಸುಲಭ. (ಅಧ್ಯಾಪಕರಾದ ನಮಗೆ ಈ ವಿವರಣೆ ಪ್ರಿಯವೂ ಹೌದು.) ಆದರೆ ಸಣ್ಣಕತೆಗಳನ್ನೂ ಅದೇ ಬದಿಗೆ ಸೇರಿಸಿದಾಗ ‘ಮುಕ್ತಿ’ಗಿಂತ ಮೊದಲು ‘ಮಂಜುಗಡ್ಡೆ’, ಆ ಅಂತರದ ನಟ್ಟನಡುವೆ 1966ರ ‘ಕ್ಷಿತಿಜ’ ಸಂಕಲನ ಬಂದು ಕುಳಿತವು. ಈ ಸಂಕಲನದ ‘ಕ್ಷಿತಿಜ’ ಎಂಬ, ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟ ಮಂದಾಕಿನಿಯ ಕತೆಯನ್ನು ಎಡಬದಿಯ ಲೀಡ್ಸ್‌ನ ಪಕ್ಕದಲ್ಲಿಟ್ಟು ಓದಿದರೆ, ವ್ಯಾಸಂಗದ ಪಯಣವು ಬರವಣಿಗೆಗೆ ಸಾಮಗ್ರಿ ಒದಗಿಸಿತೇ ಹೊರತು ಅಡ್ಡಿಯಾಗಲಿಲ್ಲವೆಂದು ನನಗನ್ನಿಸುತ್ತದೆ.

‘ಓಂ ಣಮೋ’ ಕಾದಂಬರಿಯನ್ನೂ ನಾನು ಹೀಗೆಯೇ ಓದಿದೆ. ಜೈನರ ಬದುಕನ್ನು ಅಭ್ಯಸಿಸಲು ಇಂಗ್ಲೆಂಡಿನಿಂದ ಬಂದ ಇಬ್ಬರು ಸಂಶೋಧಕರು ಅದರಲ್ಲಿದ್ದಾರೆ. ಬರೆದವರೋ ಸ್ವತಃ ಜೈನ ಮನೆತನದವರು, ಇಂಗ್ಲಿಷ್ ಸಾಹಿತ್ಯ ಬೋಧಿಸಿದವರು. ಒಳಗಿನವರು ತಮ್ಮನ್ನೇ ಹೊರಗಿನವರ ಕಣ್ಣಿನಿಂದ ನೋಡಿಕೊಳ್ಳುವ ಈ ಏರ್ಪಾಡನ್ನು ವಿವರಿಸಲು ಲೇಖನದ ಹೆಚ್ಚಿನ ಜಾಗವನ್ನು ಮೀಸಲಿಟ್ಟು, ಆಡಳಿತದ ವರ್ಷಗಳನ್ನು ಒಂದೇ ವಾಕ್ಯದಲ್ಲಿ ಮುಗಿಸಿದೆ. ಕಾದಂಬರಿ 1999ರಲ್ಲಿ ಪ್ರಕಟವಾಗಿ, ಅದಕ್ಕೆ 2000ದಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದದ್ದರಿಂದ, ಹಾಳೆಯ ಕೊನೆಯಲ್ಲಿ ಎಡಬದಿ ನಿಂತ ಮೇಲೂ ಬಲಬದಿ ಎರಡು ಸಾಲು ಮುಂದುವರಿದಿತ್ತು; ಅಚ್ಚಿನಲ್ಲಿಯೂ ಅದನ್ನು ಹಾಗೆಯೇ ಉಳಿಸಿಕೊಂಡೆ.