ಎರಡೂ ಕಡೆ ಥಲಾಮಸ್ (ಮಿದುಳಿನ ಆಳದ ಬೂದು ಗಂಟು) ಬೆಳ್ಳಗೆ ಕಂಡರೆ: ಜ್ವರದ ರೋಗಿಯ ಮಿದುಳಿನ ಎಂಆರ್‌ಐ ನಾನು ಮಾಡುವ, ಓದುವ ಬಗೆ

ಮಳೆಗಾಲ ಮುಗಿಯುತ್ತಾ ಬಂದಂತೆ ಎಂಆರ್‌ಐ ಕೋಣೆಗೆ ಬರುವ ಚೀಟಿಗಳಲ್ಲಿ ಒಂದೇ ಸಾಲು: ಜ್ವರ, ಫಿಟ್ಸ್, ಪ್ರಜ್ಞೆ ಏರುಪೇರು, ಎನ್ಸೆಫಲೈಟಿಸ್ (ಮಿದುಳಿನ ಉರಿಯೂತ) ಇದೆಯೇ ನೋಡಿ. ಇಷ್ಟನ್ನೇ ನಂಬಿ ನಾನು ಸ್ಕ್ಯಾನ್ ಶುರು ಮಾಡುವುದಿಲ್ಲ. ವಾರ್ಡಿಗೆ ಫೋನ್ ಮಾಡಿ ಕೇಳುತ್ತೇನೆ: ಜ್ವರ ಬಂದು ಎಷ್ಟು ದಿನ, ಪ್ರಜ್ಞೆ ಕೆಟ್ಟು ಎಷ್ಟು ದಿನ, ಪ್ಲೇಟ್‌ಲೆಟ್ ಎಷ್ಟು, ಕ್ರಿಯಾಟಿನಿನ್ ಎಷ್ಟು, ನಾಯಿ ಕಚ್ಚಿತ್ತೇ, ಕುಡಿತ ಅಥವಾ ವಾರಗಟ್ಟಲೆ ವಾಂತಿ ಇತ್ತೇ, ಹೆಂಗಸಾದರೆ ಬಾಣಂತಿಯೇ. ಊರು ಬಳ್ಳಾರಿ, ರಾಯಚೂರು, ಕೊಪ್ಪಳ, ಕೋಲಾರ, ಮಂಡ್ಯದ ಕಡೆಯಾಗಿ ರೋಗಿ ಮಗುವಾಗಿದ್ದರೆ ತಾಯಿ ಕಾರ್ಡ್ ತರಿಸಿ ಜೆಇ (ಜಪಾನೀಸ್ ಎನ್ಸೆಫಲೈಟಿಸ್, ಸೊಳ್ಳೆಯಿಂದ ಬರುವ ಮಿದುಳು ಜ್ವರ) ಲಸಿಕೆಯ ಎರಡೂ ಡೋಸ್ ಬಿದ್ದಿವೆಯೇ ನೋಡುತ್ತೇನೆ. ಒಂದು 9 ತಿಂಗಳಿಗೆ, ಇನ್ನೊಂದು 16ರಿಂದ 24 ತಿಂಗಳೊಳಗೆ. ಫೋನ್ ಇಡುವ ಮುಂಚೆ ಕೊನೆಯ ಪ್ರಶ್ನೆ, ಹರ್ಪಿಸ್ ವೈರಸ್ಸಿನ ಔಷಧಿ ಅಸೈಕ್ಲೊವಿರ್ ಹಾಕಿದ್ದೀರಾ? ಕೆಜಿಗೆ 10 ಮಿಲಿಗ್ರಾಂ, 8 ಗಂಟೆಗೊಮ್ಮೆ, ದೊಡ್ಡವರ ಲೆಕ್ಕ. ಸ್ಕ್ಯಾನ್ ವರದಿ ಬರಲಿ ಎಂದು ಅದನ್ನು ತಡೆಹಿಡಿಯುವ ಹಾಗಿಲ್ಲ.

ರೋಗಿಯನ್ನು ಒಳಗೆ ಕರೆದುಕೊಳ್ಳುವ ಮುಂಚೆ ಮೈ ತಡವಿ ನೋಡುವುದು ಟೆಕ್ನಿಷಿಯನ್ ಕೆಲಸ ಎಂದು ಬಿಡಬಾರದು. ಪ್ರಜ್ಞೆ ಇಲ್ಲದವರು ತಾವಾಗಿ ಏನೂ ಹೇಳಲಾರರು. ಉಡುದಾರಕ್ಕೆ ಕಟ್ಟಿದ ತಾಯತ, ಸೀರೆಯ ಪಿನ್ನು, ಐಸಿಯುನಿಂದ ಹಾಗೇ ಅಂಟಿಕೊಂಡು ಬಂದ ಇಸಿಜಿ ಲೀಡು, ಉಷ್ಣ ಅಳೆಯುವ ತಂತಿ ಇರುವ ಮೂತ್ರದ ನಳಿಕೆ, ಇವೇ ಸಾಮಾನ್ಯವಾಗಿ ಸಿಗುವಂಥವು. ಕೊನೆಯ ಎರಡು ಚರ್ಮ ಸುಡುತ್ತವೆ. ಸಿರಿಂಜ್ ಪಂಪು ಹೊರಗೇ ಇರಲಿ, ಲೈನ್ ಉದ್ದ ಮಾಡಿಕೊಳ್ಳಿ.

ಸೀಕ್ವೆನ್ಸ್‌ಗಳ (ಒಂದೊಂದು ಬಗೆಯ ಚಿತ್ರ ತೆಗೆಯುವ ಸುತ್ತುಗಳ) ಕ್ರಮವೇ ಇಲ್ಲಿ ಅರ್ಧ ಕೆಲಸ. ಈ ರೋಗಿಗಳು ಪೂರ್ತಿ ಸ್ಕ್ಯಾನ್ ಮುಗಿಯುವವರೆಗೆ ಅಲುಗಾಡದೆ ಮಲಗುವುದು ಅಪರೂಪ. ಹಾಗಾಗಿ ಮೊದಲು ಡಿಫ್ಯೂಷನ್ (ನೀರಿನ ಕಣಗಳ ಚಲನೆಗೆ ತಡೆಯಾದ ಜಾಗ ಹೊಳೆಯುವ ಚಿತ್ರ), ಬಿ ವ್ಯಾಲ್ಯೂ (ಅದರ ತೀವ್ರತೆಯ ಅಳತೆ) 0 ಮತ್ತು 1000. ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ, ಅಲುಗಾಟವನ್ನೂ ಸ್ವಲ್ಪ ಸಹಿಸುತ್ತದೆ. ಆಮೇಲೆ ಫ್ಲೇರ್ (ಮಿದುಳಿನ ಸುತ್ತಲ ದ್ರವವನ್ನು ಕಪ್ಪಾಗಿಸಿ ಊತವನ್ನು ಬೆಳ್ಳಗೆ ತೋರಿಸುವ ಚಿತ್ರ), ಅದಾದ ಮೇಲೆ ರಕ್ತ, ಸುಣ್ಣವನ್ನು ಕಪ್ಪಾಗಿ ತೋರಿಸುವ 2 ಮಿಲಿಮೀಟರ್ ಸ್ಲೈಸಿನ ಎಸ್‌ಡಬ್ಲ್ಯುಐ. ಈ ಮೂರು ಸಿಕ್ಕಿದರೆ ರೋಗಿ ಎದ್ದು ಕೂತರೂ ವರದಿ ಬರೆಯಬಹುದು. ಸಮಯ ಉಳಿದರೆ ಟಿ2 (ಇದರಲ್ಲಿ ನೀರು ಬೆಳ್ಳಗೆ), ಟಿ1 (ಇದರಲ್ಲಿ ನೀರು ಕಪ್ಪು), ನೆನಪಿನ ಭಾಗವಾದ ಹಿಪ್ಪೊಕ್ಯಾಂಪಸ್‌ಗೆ ಅಡ್ಡಲಾಗಿ 3 ಮಿಲಿಮೀಟರಿನ ಕೊರೋನಲ್ (ಮುಖಕ್ಕೆ ಸಮಾನಾಂತರವಾದ) ಫ್ಲೇರ್. ಕಾಂಟ್ರಾಸ್ಟ್ (ಸಿರೆಗೆ ಕೊಡುವ ಗ್ಯಾಡೊಲಿನಿಯಂ ದ್ರಾವಣ) ಕೊನೆಗೆ, ಕೆಜಿಗೆ 0.1 ಮಿಲಿಮೋಲ್, ಅಂದರೆ ಸಾಮಾನ್ಯ ಅರ್ಧ ಮೋಲಾರ್ ದ್ರಾವಣದಲ್ಲಿ ಕೆಜಿಗೆ 0.2 ಎಂಎಲ್. ಕೊಟ್ಟ ಮೇಲೆ ಟಿ1 ಜೊತೆಗೆ ಫ್ಲೇರನ್ನೂ ಇನ್ನೊಮ್ಮೆ ತೆಗೆಸುತ್ತೇನೆ. ಮೆನಿಂಜಸ್ (ಮಿದುಳಿನ ಹೊದಿಕೆ) ಉರಿಯೂತ ಅದರಲ್ಲೇ ಚೆನ್ನಾಗಿ ಕಾಣುತ್ತದೆ, ಮತ್ತು ನಮ್ಮಲ್ಲಿ ವೈರಸ್ ಎಂದು ಬಂದ ಕೇಸು ಟಿಬಿ ಆಗಿರುವುದು ಹೊಸದೇನಲ್ಲ.

ಒಂದು ವರ್ಷದೊಳಗಿನ ಮಗುವಾದರೆ ಫ್ಲೇರನ್ನು ನೆಚ್ಚಬೇಡಿ. ಮಯಲಿನ್ (ನರತಂತುಗಳ ಕೊಬ್ಬಿನ ಹೊದಿಕೆ) ಇನ್ನೂ ತುಂಬಿರದ ಮಿದುಳಿನಲ್ಲಿ ನೀರೇ ಹೆಚ್ಚು, ಕಾಯಿಲೆ ಅದರೊಳಗೆ ಮುಚ್ಚಿಹೋಗುತ್ತದೆ. ಅಲ್ಲಿ ಡಿಫ್ಯೂಷನ್ ಮತ್ತು ಟಿ2 ಮೇಲೇ ನಡೆಯಬೇಕು. ಅರಿವಳಿಕೆ ಕೊಟ್ಟು ಶೇ 100 ಆಮ್ಲಜನಕ ಹಾಕಿದ್ದರೆ ಇನ್ನೊಂದು ಮೋಸ: ಮಿದುಳಿನ ಮಡಿಕೆಗಳಲ್ಲಿನ ದ್ರವ ಫ್ಲೇರ್‌ನಲ್ಲಿ ಬೆಳ್ಳಗೆ ಕಾಣುತ್ತದೆ, ಮೆನಿಂಜೈಟಿಸ್ ಎಂದೇ ಅನಿಸುತ್ತದೆ. ಆಮ್ಲಜನಕ ಎಷ್ಟು ಹೋಗುತ್ತಿತ್ತು ಎಂದು ಅರಿವಳಿಕೆ ವೈದ್ಯರನ್ನು ಕೇಳದೆ ಬರೆಯಬಾರದು.

ಹರ್ಪಿಸ್ ಎನ್ಸೆಫಲೈಟಿಸ್ ಕೂರುವ ಜಾಗ ಪುಸ್ತಕದಲ್ಲಿದ್ದಂತೆಯೇ: ಟೆಂಪೊರಲ್ (ಕಿವಿಯ ಬದಿಯ) ಹಾಲೆಯ ಮುಂಭಾಗ ಮತ್ತು ಒಳಮೈ, ಇನ್ಸುಲಾ (ಮಡಿಕೆಯೊಳಗೆ ಅಡಗಿದ ಭಾಗ), ಕಣ್ಣಗೂಡಿನ ಮೇಲಿನ ಫ್ರಾಂಟಲ್ (ಹಣೆಯ ಕಡೆಯ) ಭಾಗ, ಸಿಂಗ್ಯುಲೇಟ್ (ಮಿದುಳಿನ ಎರಡು ಅರ್ಧಗಳ ನಡುವಿನ ಒಳಮೈ ಮಡಿಕೆ). ಎರಡೂ ಕಡೆ ಇದ್ದರೂ ಒಂದು ಕಡೆ ಜಾಸ್ತಿ. ಇನ್ಸುಲಾ ಪೂರ್ತಿ ಬೆಳ್ಳಗಾಗಿ, ಅದರ ಪಕ್ಕದ ಲೆಂಟಿಫಾರ್ಮ್ ಗಂಟು (ಆಳದ ಬೂದು ಭಾಗ) ಅಂಚು ಕತ್ತರಿಸಿಟ್ಟಂತೆ, ಕಾಯಿಲೆ ತಾಗದೆ ಉಳಿದಿದ್ದರೆ ನನ್ನ ಅನುಮಾನ ಗಟ್ಟಿಯಾಗುತ್ತದೆ. ತೊಂದರೆ ಏನೆಂದರೆ ಡಿಫ್ಯೂಷನ್ ಸುಳ್ಳು ಹೇಳುವುದೂ ಇದೇ ಜಾಗದಲ್ಲಿ. ಕಿವಿಯ ಮೂಳೆಯೊಳಗಿನ ಗಾಳಿ, ಸೈನಸ್ ಗಾಳಿ, ಇವುಗಳ ಅಂಚಿನಲ್ಲಿ ಕಾಂತಕ್ಷೇತ್ರ ಹದಗೆಟ್ಟು ಟೆಂಪೊರಲ್ ತಳ ಮತ್ತು ಫ್ರಾಂಟಲ್ ತಳ ಹೊಳೆಯುತ್ತವೆ. ಅದೇ ಜಾಗ ಎಡಿಸಿಯಲ್ಲಿ (ಡಿಫ್ಯೂಷನ್‌ನಿಂದ ಲೆಕ್ಕ ಹಾಕಿದ ನಕ್ಷೆ) ಕಪ್ಪಾಗಿದೆಯೇ, ಕೊರೋನಲ್ ಫ್ಲೇರ್‌ನಲ್ಲಿ ಕಾರ್ಟೆಕ್ಸ್ ಊದಿದೆಯೇ ನೋಡಿಯೇ ಮುಂದೆ ಹೋಗಬೇಕು. 3 ಟೆಸ್ಲಾ (ಕಾಂತಬಲದ ಅಳತೆ) ಯಂತ್ರದಲ್ಲಿ ಹಿಪ್ಪೊಕ್ಯಾಂಪಸ್, ಇನ್ಸುಲಾ, ಸಿಂಗ್ಯುಲೇಟ್ ಸಹಜವಾಗಿಯೇ ತುಸು ಬೆಳ್ಳಗಿರುತ್ತವೆ. ಎರಡೂ ಕಡೆ ಒಂದೇ ಹದ, ಊತ ಇಲ್ಲ ಎಂದರೆ ನಾನು ಅದಕ್ಕೆ ಹೆಸರು ಕೊಡುವುದಿಲ್ಲ. ಬಿಡದೆ ಫಿಟ್ಸ್ ಬಂದವರಲ್ಲಿ ಹಿಪ್ಪೊಕ್ಯಾಂಪಸ್ ಮತ್ತು ಅದೇ ಕಡೆಯ ಪಲ್ವಿನಾರ್ (ಥಲಾಮಸ್ ಹಿಂಭಾಗ) ಫಿಟ್ಸ್‌ನಿಂದಲೇ ಹೊಳೆಯಬಹುದು. ಸಿಟಿ ಮೊದಲ ದಿನಗಳಲ್ಲಿ ಏನೂ ತೋರಿಸದಿರುವುದು ಮಾಮೂಲು. ಬೆನ್ನುನೀರಿನ ಪಿಸಿಆರ್ (ವೈರಸ್ಸಿನ ವಂಶಧಾತು ಹುಡುಕುವ ಪರೀಕ್ಷೆ) ಕೂಡ ಮೊದಲ 72 ಗಂಟೆಯಲ್ಲಿ ನೆಗೆಟಿವ್ ಬರಬಹುದು. ಚಿತ್ರ ಹರ್ಪಿಸ್ ಎನ್ನುತ್ತಿದ್ದರೆ ಔಷಧಿ ನಿಲ್ಲಿಸದೆ ಮತ್ತೆ ಕಳಿಸಿ ಎಂದು ಸ್ಪಷ್ಟವಾಗಿ ಬರೆಯುತ್ತೇನೆ.

ಇನ್ನು ಥಲಾಮಸ್. ಎರಡೂ ಕಡೆ ಬೆಳ್ಳಗೆ ಕಂಡ ಕೂಡಲೇ ಜಪಾನೀಸ್ ಎನ್ಸೆಫಲೈಟಿಸ್ ಎಂದು ಬರೆದುಬಿಡುವ ಅಭ್ಯಾಸ ನಮ್ಮವರಲ್ಲಿದೆ. ನಾನು ಮೊದಲು ನೋಡುವುದು ವೈರಸ್ಸಿನ ಗುರುತನ್ನಲ್ಲ, ರಕ್ತನಾಳವನ್ನು. ಟಿ2ನಲ್ಲಿ ಸ್ಟ್ರೈಟ್ ಸೈನಸ್ (ಮಿದುಳಿನ ಆಳದ ರಕ್ತ ಹೊರಗೊಯ್ಯುವ ದೊಡ್ಡ ನಾಳ) ಮತ್ತು ಒಳಗಿನ ಸೆರೆಬ್ರಲ್ ಸಿರೆಗಳು ಕಪ್ಪಾಗಿ ಹರಿಯುತ್ತಿವೆಯೇ? ಎಸ್‌ಡಬ್ಲ್ಯುಐಯಲ್ಲಿ ಅವು ದಪ್ಪಗಾಗಿ ಕಪ್ಪು ಹರಡಿವೆಯೇ? ಬಾಣಂತಿಯರಲ್ಲಿ, ನಿರ್ಜಲೀಕರಣವಾದವರಲ್ಲಿ ಆಳದ ಸಿರೆಗಳು ಹೆಪ್ಪುಗಟ್ಟಿದರೂ ಎರಡೂ ಥಲಾಮಸ್ ಹೀಗೇ ಊದುತ್ತವೆ. ಅದಕ್ಕೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇದೆ, ತಡವಾದರೆ ಜೀವ ಹೋಗುತ್ತದೆ. ಅನುಮಾನ ಬಂದರೆ ಟೇಬಲ್ ಮೇಲೇ ವೆನೋಗ್ರಾಂ (ಸಿರೆಗಳ ಚಿತ್ರ). ಎರಡನೆಯದು ವರ್ನಿಕೆ (ಥಯಾಮಿನ್, ಅಂದರೆ ಬಿ1 ವಿಟಮಿನ್ ಕೊರತೆಯ ಕಾಯಿಲೆ): ಮೂರನೇ ವೆಂಟ್ರಿಕಲ್ (ಮಿದುಳಿನ ನಡುವಿನ ದ್ರವದ ಗೂಡು) ಅಂಚಿಗೆ ಅಂಟಿದ ಒಳ ಥಲಾಮಸ್, ಮಿಡ್‌ಬ್ರೈನ್ ನಾಳದ ಸುತ್ತ, ಮ್ಯಾಮಿಲರಿ ಗಂಟುಗಳು. ಕುಡಿತ, ವಾಂತಿ ಕೇಳಿದ್ದು ಇದಕ್ಕೇ. ಗ್ಲೂಕೋಸ್‌ಗೆ ಮುಂಚೆ ಥಯಾಮಿನ್ ಎಂದು ಫೋನಿನಲ್ಲೇ ಹೇಳಿಬಿಡುತ್ತೇನೆ. ಮೂರನೆಯದು, ಒಂದೇ ಸಣ್ಣ ನಾಳ ಎರಡೂ ಥಲಾಮಸ್‌ಗೆ ರಕ್ತ ಕೊಡುವವರಲ್ಲಿ ಅದು ಮುಚ್ಚಿ ಬರುವ ಸ್ಟ್ರೋಕ್. ಅಲ್ಲಿ ಶುರು ದಿಢೀರ್, ಜ್ವರ ಇರುವುದಿಲ್ಲ.

ಇವು ಮೂರೂ ಅಲ್ಲ ಎಂದಾದ ಮೇಲೆ ವೈರಸ್. ಥಲಾಮಸ್ ಜೊತೆಗೆ ಮಿಡ್‌ಬ್ರೈನ್‌ನ ಸಬ್‌ಸ್ಟಾನ್ಷಿಯಾ ನೈಗ್ರಾ ಬೆಳ್ಳಗಿದ್ದರೆ ಜೆಇ ಕಡೆ ತೂಕ ಬೀಳುತ್ತದೆ. ಜೆಇಯಲ್ಲಿ ಹಿಪ್ಪೊಕ್ಯಾಂಪಸ್ ಸೇರಿಕೊಂಡರೂ ಟೆಂಪೊರಲ್ ತುದಿ, ಇನ್ಸುಲಾ ಸಾಮಾನ್ಯವಾಗಿ ಉಳಿಯುತ್ತವೆ. ಹರ್ಪಿಸ್‌ನಿಂದ ಬೇರೆ ಮಾಡಲು ಇದು ಸಾಕಷ್ಟು ಸಹಾಯ ಮಾಡುತ್ತದೆ.

ಡೆಂಗಿಯ ಚಿತ್ರ ಹತ್ತಿರದಿಂದ ನೋಡುವಂಥದ್ದು. ಎಸ್‌ಡಬ್ಲ್ಯುಐಯಲ್ಲಿ ಥಲಾಮಸ್ ನಡುವೆ ರಕ್ತದ ಕಪ್ಪು, ಡಿಫ್ಯೂಷನ್‌ನಲ್ಲಿ ಅದರ ಸುತ್ತ ಹೊಳೆಯುವ ಉಂಗುರ, ಉಂಗುರದ ಆಚೆ ಎಡಿಸಿಯಲ್ಲಿ ಬೆಳ್ಳಗೆ ನೀರೂತ. ಎರಡೂ ಕಡೆ ಸೇರಿ ನೋಡಿದರೆ ಪಕ್ಕಪಕ್ಕ ಇಟ್ಟ ಎರಡು ಉದ್ದಿನ ವಡೆ. ಪಾನ್ಸ್, ಸೆರೆಬೆಲ್ಲಂ ಕೂಡ ಸೇರಬಹುದು. ಆದರೆ ಇನ್‌ಫ್ಲುಯೆಂಜಾ ನಂತರ, ಕೆಲವೊಮ್ಮೆ ಕೋವಿಡ್ ನಂತರ ಬರುವ ನೆಕ್ರೊಟೈಸಿಂಗ್ ಎನ್ಸೆಫಲೋಪತಿಯೂ (ಮಿದುಳಿನ ಅಂಗಾಂಶ ಸಾಯುವ ಕಾಯಿಲೆ) ಇದೇ ಪದರಗಳನ್ನು ತೋರಿಸುತ್ತದೆ. ಆದ್ದರಿಂದ ಚಿತ್ರ ನೋಡಿ ವೈರಸ್ಸಿನ ಹೆಸರು ಬರೆಯುವುದು ಸಾಹಸ. ವಿನ್ಯಾಸ ಬರೆದು, ಡೆಂಗಿ ಎನ್ಎಸ್1 (ವೈರಸ್ಸಿನ ಪ್ರೋಟೀನ್ ಪರೀಕ್ಷೆ), ಬೆನ್ನುನೀರಿನಲ್ಲಿ ಜೆಇ ಮತ್ತು ಡೆಂಗಿ ಐಜಿಎಂ (ಹೊಸ ಸೋಂಕಿನ ಪ್ರತಿಕಾಯ) ಕೇಳುತ್ತೇನೆ. ಎರಡೂ ಒಂದೇ ಕುಲದ ವೈರಸ್‌ಗಳಾದ್ದರಿಂದ ರಕ್ತದ ಐಜಿಎಂ ಒಂದಕ್ಕೊಂದು ಅಡ್ಡ ಹಾಯುತ್ತದೆ (ಒಂದರ ಸೋಂಕು ಇನ್ನೊಂದರ ಪರೀಕ್ಷೆಯಲ್ಲೂ ಪಾಸಿಟಿವ್ ತೋರಬಹುದು), ಬೆನ್ನುನೀರಿನದ್ದಕ್ಕೆ ಬೆಲೆ ಹೆಚ್ಚು. ಪ್ಲೇಟ್‌ಲೆಟ್ ಕುಸಿದಿದ್ದರೆ ಬೆನ್ನುನೀರು ತೆಗೆಯುವುದು ಕಾಯಲಿ. ಎಸ್‌ಡಬ್ಲ್ಯುಐಯ ಕಪ್ಪು ಚುಕ್ಕೆಗಳೆಲ್ಲ ರಕ್ತವಲ್ಲ. ಹಳೆಯ ನ್ಯೂರೊಸಿಸ್ಟಿಸರ್ಕೋಸಿಸ್‌ನ (ಮಿದುಳಿಗೆ ಹೊಕ್ಕ ಲಾಡಿಹುಳುವಿನ ಮರಿಯ ಸೋಂಕು) ಸುಣ್ಣದ ಗಂಟುಗಳು ನಮ್ಮಲ್ಲಿ ಧಾರಾಳ. ಅದರ ಜೊತೆಗೇ ಬರುವ ಫೇಸ್ ಇಮೇಜ್‌ನಲ್ಲಿ ರಕ್ತ ಮತ್ತು ಸುಣ್ಣ ಎದುರುಬದುರು ಬಣ್ಣ ತೋರಿಸುತ್ತವೆ, ಸಿಟಿ ಇದ್ದರೆ ಇನ್ನೂ ಸುಲಭ.

ರೇಬೀಸ್ ಕಾಣುವುದು ಮಾಸಲು ಮಾಸಲಾಗಿ. ಮಿದುಳಕಾಂಡ, ಹಿಪ್ಪೊಕ್ಯಾಂಪಸ್, ಹೈಪೊಥಲಾಮಸ್, ಬೆನ್ನುಹುರಿಯ ಬೂದು ಭಾಗ, ಎಲ್ಲೂ ಅಂಚೇ ಇಲ್ಲದ ತೆಳು ಬಿಳುಪು. ಡಿಫ್ಯೂಷನ್ ಬಹುಪಾಲು ಸುಮ್ಮನಿರುತ್ತದೆ. ಲಕ್ವದ ರೂಪದಲ್ಲಿ ಬಂದರೆ ಗಿಯಾನ್ ಬಾರೆ (ನರಗಳ ಕಾಯಿಲೆಯಿಂದ ಬರುವ ಲಕ್ವ) ಎಂದು ಕಳಿಸಿರುತ್ತಾರೆ. ಅಂಥ ಅನುಮಾನವಿದ್ದರೆ ಜೊಲ್ಲು ಒರೆಸುವ, ಟ್ಯೂಬ್ ಸರಿಪಡಿಸುವ ಸಿಬ್ಬಂದಿಗೆ ಗ್ಲೌಸ್, ಮಾಸ್ಕ್, ಕನ್ನಡಕ ಮೊದಲೇ ಕೊಡಿಸಬೇಕು.

ಮೊದಲ ವಾರ ಡಿಫ್ಯೂಷನ್‌ನಲ್ಲಿ ಹೊಳೆದದ್ದು ಎರಡನೇ ವಾರಕ್ಕೆ ಮಾಸುತ್ತದೆ, ಫ್ಲೇರ್ ಬಿಳುಪು ಉಳಿಯುತ್ತದೆ. ಹಾಗಾಗಿ ವರದಿಯಲ್ಲಿ ಕಾಯಿಲೆಯ ಎಷ್ಟನೇ ದಿನದ ಸ್ಕ್ಯಾನ್ ಎಂದು ಬರೆದಿರಲೇಬೇಕು. ಹರ್ಪಿಸ್ ಗುಣವಾಗಿ ಮನೆಗೆ ಹೋದ ಮಗು ಕೆಲವು ವಾರಗಳಲ್ಲಿ ಕೈಕಾಲು ತಿರುಚುತ್ತಾ, ನಿದ್ದೆಗೆಟ್ಟು ವಾಪಸ್ ಬಂದರೆ ಹಳೆಯ ಮತ್ತು ಹೊಸ ಡಿಫ್ಯೂಷನ್ ಅಕ್ಕಪಕ್ಕ ಇಟ್ಟು ನೋಡುತ್ತೇನೆ. ಹೊಸ ಹೊಳಪಿಲ್ಲ, ಪಿಸಿಆರ್ ನೆಗೆಟಿವ್ ಎಂದರೆ ವೈರಸ್ ಮರಳಿಲ್ಲ, ದೇಹವೇ ಮಿದುಳಿನ ಕೋಶಗಳ ಎನ್‌ಎಂಡಿಎ ಗ್ರಾಹಕದ ಮೇಲೆ ಪ್ರತಿಕಾಯ ಮಾಡಿಕೊಂಡಿರುವ ಸಾಧ್ಯತೆ ಮೇಲೆ ಬರುತ್ತದೆ. ಆ ಪರೀಕ್ಷೆಗೆ ರಕ್ತದ ಜೊತೆ ಬೆನ್ನುನೀರನ್ನೂ ಕಳಿಸಬೇಕು.