ಸಿಗ್ನಲ್‌ನಲ್ಲಿ ನಿಂತರೂ ಬೈಕ್ ಅರಚುತ್ತಿದ್ದರೆ

ಕೆಂಪು ದೀಪ ಕಂಡು ಆಕ್ಸಿಲರೇಟರ್ ಬಿಟ್ಟಿದ್ದೀರಿ, ಎಂಜಿನ್ ಮಾತ್ರ ಅರಚುತ್ತಲೇ ಇದೆ. ಮನೆಗೆ ಬಂದ ಕೂಡಲೇ ಪೆಟ್ರೋಲ್-ಗಾಳಿ ಬೆರೆಸುವ ಕಾರ್ಬುರೇಟರ್‌ನ ಸ್ಲೋ ಸ್ಕ್ರೂ (ಆಕ್ಸಿಲರೇಟರ್ ಬಿಟ್ಟಾಗಿನ ಸುತ್ತು ಹೊಂದಿಸುವ ತಿರುಪು) ತಿರುಗಿಸಲು ಕೈ ತುರಿಸುತ್ತದೆ. ಸ್ವಲ್ಪ ತಾಳಿ. ಆ ಸ್ಕ್ರೂ ತಾನಾಗಿ ತಿರುಗುವುದು ಅಪರೂಪ. ನಿನ್ನೆ ಸರಿಯಿದ್ದದ್ದು ಇವತ್ತು ಏರಿದೆ ಎಂದರೆ ರೋಗ ಬೇರೆಲ್ಲೋ ಇದೆ.

100–150 ಸಿಸಿಯ ಬಹುತೇಕ ಬೈಕ್‌ಗಳು ಬಿಸಿಯಾದ ಮೇಲೆ, ಆಕ್ಸಿಲರೇಟರ್ ಬಿಟ್ಟಾಗ, ಎಂಜಿನ್ ನಿಮಿಷಕ್ಕೆ 1400 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತಿರಬೇಕು. ನಿಮ್ಮ ಗಾಡಿಯ ಲೆಕ್ಕ ಅದರ ಕೈಪಿಡಿಯಲ್ಲಿರುತ್ತದೆ. ತಣ್ಣಗಿನ ಎಂಜಿನ್ ತುಸು ಜೋರಾಗಿ ಓಡುವುದು ಸಹಜ, ಹಾಗಾಗಿ ಹತ್ತು ನಿಮಿಷ ಓಡಿಸಿದ ಮೇಲೆಯೇ ಪರೀಕ್ಷೆ. ಅದೂ ಬಯಲಿನಲ್ಲಿ, ಮುಚ್ಚಿದ ಶೆಡ್‌ನಲ್ಲಿ ಹೊಗೆ ಪ್ರಾಣಕ್ಕೇ ಎರವಾದೀತು.

ಮೊದಲು ಚೋಕ್ ನೋಡಿ, ತಣ್ಣಗಿನ ಎಂಜಿನ್ ಚಾಲೂ ಮಾಡಲು ಎಳೆಯುತ್ತೇವಲ್ಲ, ಅದು. ಬೆಳಿಗ್ಗೆ ಎಳೆದು ಮರೆತವರು ಎಷ್ಟೋ ಮಂದಿ, ನಾನೂ ಸೇರಿದಂತೆ.

ಆಮೇಲೆ ಆಕ್ಸಿಲರೇಟರ್ ಕೇಬಲ್. ಎಂಜಿನ್ ನಿಲ್ಲಿಸಿ ಹಿಡಿಕೆಯನ್ನು ಮೆಲ್ಲಗೆ ತಿರುಗಿಸಿ. ಕೇಬಲ್ ಎಳೆಯಲು ಶುರುವಾಗುವ ಮೊದಲು 2ರಿಂದ 6 ಮಿಲಿಮೀಟರ್ ಸಡಿಲ ಇರಬೇಕು. ಕೈ ಬಿಟ್ಟರೆ 'ಟಪ್' ಎಂದು ಹಿಂದಕ್ಕೆ ಬರಬೇಕು. ಸೋಮಾರಿಯಂತೆ ಬಂದರೆ ಒಳಗೆ ತುಕ್ಕು. ಮಲೆನಾಡಿನ ಮಳೆಗಾಲ ಕಳೆದ ಗಾಡಿಗಳಲ್ಲಿ ಇದು ಮಾಮೂಲು. ಎಣ್ಣೆ ಬಿಟ್ಟು ನೋಡಿ, ಎಳೆ ಕಿತ್ತಿದ್ದರೆ ಹೊಸದನ್ನೇ ಹಾಕಿಸಿ. ಈಗ ಎಂಜಿನ್ ಚಾಲೂ ಮಾಡಿ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ಸದ್ದು ಏರಿದರೆ ಕೇಬಲ್ ಎಲ್ಲೋ ಬಿಗಿದುಕೊಂಡಿದೆ.

ಇಷ್ಟಾದರೂ ಇಳಿಯಲಿಲ್ಲವೇ? ಹಾಗಾದರೆ ಎಂಜಿನ್ ಕಳ್ಳಗಾಳಿ ಎಳೆಯುತ್ತಿರಬಹುದು. ಕಾರ್ಬುರೇಟರ್ ಮತ್ತು ಎಂಜಿನ್ ನಡುವೆ ಗೇಣಿಗಿಂತ ಗಿಡ್ಡದೊಂದು ಕುತ್ತಿಗೆ ಇರುತ್ತದೆ. ಬಹಳಷ್ಟು ಗಾಡಿಗಳಲ್ಲಿ ಅದು ರಬ್ಬರಿನದು. ಬಿಸಿಲು, ಬಿಸಿ ತಿಂದು ಅದು ಬಿರಿದರೆ ಅಲ್ಲಿಂದ ಗಾಳಿ ನುಗ್ಗಿ, ಪೆಟ್ರೋಲಿನ ಪಾಲು ಕಡಿಮೆಯಾಗಿ, ಸುತ್ತು ಏರುತ್ತದೆ. ಆಕ್ಸಿಲರೇಟರ್ ಬಿಟ್ಟ ಮೇಲೆ ಸದ್ದು ತಟ್ಟನೆ ಬೀಳದೆ ರಾಗ ಎಳೆಯುತ್ತಾ ಇಳಿಯುವುದು ಇದರ ಗುರುತು. ನನ್ನ ಹಳೆಯ ಬೈಕ್‌ನಲ್ಲಿ ಮೇಲಿಂದ ರಬ್ಬರ್ ಹೊಸದರಂತಿತ್ತು. ಬೆರಳಿನಿಂದ ಬಾಗಿಸಿದಾಗ ಅಡಿಯಲ್ಲಿ ಉಗುರಿನಷ್ಟು ಬಿರುಕು ಬಾಯಿ ತೆರೆಯಿತು. ಎರಡು ತಿಂಗಳು ಸ್ಕ್ರೂ ತಿರುವಿಕೊಂಡೇ ಕಾಲ ಕಳೆದಿದ್ದೆ.

ಸಾಬೂನು ನೀರನ್ನು ಸ್ಪ್ರೇ ಬಾಟಲಿಯಲ್ಲಿ ತುಂಬಿ, ಎಂಜಿನ್ ಓಡುತ್ತಿರುವಾಗ ಆ ಕುತ್ತಿಗೆಯ ಸುತ್ತ ಸ್ವಲ್ಪ ಸ್ವಲ್ಪವೇ ಸಿಂಪಡಿಸಿ. ಸದ್ದು ಬದಲಾದ ಜಾಗವೇ ಸೋರಿಕೆಯ ಜಾಗ. ಪ್ಲಗ್ ಕ್ಯಾಪ್ ಮೇಲೆ ನೀರು ಬೀಳದಿರಲಿ. ಕೆಲವರು ಪೆಟ್ರೋಲ್ ಚಿಮುಕಿಸಿ ನೋಡುತ್ತಾರೆ. ಬಿಸಿ ಎಂಜಿನ್ ಮೇಲೆ ಆ ಸಾಹಸ ಬೇಡವೇ ಬೇಡ. ಬಿರುಕಿಗೆ ಗಮ್ ಮೆತ್ತಿದರೆ ನಾಲ್ಕು ದಿನದ ಮಾತು, ರಬ್ಬರನ್ನೇ ಬದಲಿಸಿ.

ಸೋರಿಕೆಯೂ ಇಲ್ಲದಿದ್ದರೆ ಕಾರ್ಬುರೇಟರ್ ಒಳಗೆ ಪೆಟ್ರೋಲ್ ಹಾಯುವ ಸಣ್ಣ ತೂತು, ಅಂದರೆ ಪೈಲಟ್ ಜೆಟ್, ಕಟ್ಟಿರಬಹುದು, ಇಲ್ಲವೇ ಗಾಳಿಯ ದಾರಿ ತೆರೆದು ಮುಚ್ಚುವ ಸ್ಲೈಡ್ ಸಿಕ್ಕಿಕೊಂಡಿರಬಹುದು. ಕಾರ್ಬುರೇಟರ್ ಬಿಚ್ಚಿ ತೊಳೆಸುವುದೇ ದಾರಿ.

2020ರ ಏಪ್ರಿಲ್‌ನಿಂದ ಬಂದ, ಹೊಗೆ ಮಿತಿಯ ಬಿಎಸ್-6 ನಿಯಮದ ಬೈಕ್‌ಗಳಲ್ಲಿ ಹೆಚ್ಚಿನವು ಕಾರ್ಬುರೇಟರ್ ಬದಲು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್‌ನವು. ಅವುಗಳಲ್ಲೂ ಕೇಬಲ್ ಮತ್ತು ರಬ್ಬರಿನ ಪರೀಕ್ಷೆ ಹೀಗೆಯೇ. ಆದರೆ ಗಾಳಿ ಒಳಬಿಡುವ ಥ್ರಾಟಲ್ ಬಾಡಿಯಲ್ಲಿ ಬಣ್ಣ ಹಚ್ಚಿ ಗುರುತು ಮಾಡಿದ ಸ್ಕ್ರೂ ಕಂಡರೆ ಅದನ್ನು ಮುಟ್ಟಬೇಡಿ. ಎಂಜಿನ್ ದೀಪ ಉರಿಯುತ್ತಿದ್ದರೆ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ.

ಕಾರ್ಬುರೇಟರ್ ಗಾಡಿಯವರು ಈಗ ಸ್ಲೋ ಸ್ಕ್ರೂಗೆ ಕೈ ಹಾಕಬಹುದು. ಎಂಜಿನ್ ಬಿಸಿಯಿರುವಾಗ ಕಾಲು ಸುತ್ತಿನಂತೆ ಎಡಕ್ಕೆ ತಿರುಗಿಸುತ್ತಾ, ಪ್ರತಿ ಸಲವೂ ಒಮ್ಮೆ ರೇಸ್ ಮಾಡಿ ಬಿಟ್ಟು ಕಿವಿಗೊಟ್ಟು ಕೇಳಿ.