ಹಾಸ್ಟೆಲ್‌ನಲ್ಲಿ ಮಳೆಗಾಲದ ಜ್ವರ: ವಾರ್ಡನ್ ಆಗಿ ನಾನು ಮಾಡಿದ್ದು

ನಾನು ಮೈಸೂರಲ್ಲಿ ಪಿಜಿ (ಸ್ನಾತಕೋತ್ತರ) ಓದೋ ಹುಡುಗೀರ ಹಾಸ್ಟೆಲ್ ವಾರ್ಡನ್. 2024ರ ಮಳೆಗಾಲದಲ್ಲಿ ರಾಜ್ಯದಲ್ಲೆಲ್ಲಾ ಡೆಂಗಿ, ಸೆಪ್ಟೆಂಬರಲ್ಲಿ ಸರ್ಕಾರ ಅದನ್ನ ಸಾಂಕ್ರಾಮಿಕ ರೋಗ ಅಂತ ಘೋಷಿಸ್ತು, ಆದ್ರೆ ಅದಕ್ಕೂ ಮುಂಚೆನೇ ನಮ್ಮ ಎರಡನೇ ಫ್ಲೋರಲ್ಲಿ ನಾಲ್ಕು ಜನ ಮಲಗಿದ್ರು, ಅದ್ರಲ್ಲಿ ಇಬ್ರು ಮೂರು ದಿನ ಜ್ವರ ಇದ್ರೂ ಯಾರಿಗೂ ಹೇಳಿರ್ಲಿಲ್ಲ. ಯಾಕಮ್ಮಾ ಅಂದ್ರೆ "ಮೇಡಂ, ಇಂಟರ್ನಲ್ಸ್ ಪರೀಕ್ಷೆ ಇದೆ, ನೀವು ಮನೆಗೆ ಫೋನ್ ಮಾಡಿದ್ರೆ ಅಪ್ಪ ಬಂದು ಕರ್ಕೊಂಡ್ ಹೋಗ್ಬಿಡ್ತಾರೆ" ಅಂತ. ಆ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ.

ಹಾಗಾಗಿ ನಾನು ಮೊದಲು ಮಾಡಿದ್ದು ಸೊಳ್ಳೆಗೆ ಹೊಗೆ ಹಾಕೋ ಫಾಗಿಂಗ್ ಅಲ್ಲ, ಒಂದೊಂದೇ ಡಿಪಾರ್ಟ್‌ಮೆಂಟಿಗೆ ಹೋಗಿ ಜ್ವರ ಬಂದವ್ರಿಗೆ ಇಂಟರ್ನಲ್ಸ್ ಆಮೇಲೆ ಕೊಡಿ ಅಂತ ಕೇಳಿ ಒಪ್ಪಿಸಿದ್ದು. ಆಮೇಲೆ ಫ್ಲೋರಿಗೊಬ್ಬಳು ಸೀನಿಯರ್ ಕೈಗೆ ಥರ್ಮಾಮೀಟರ್, ನೋಟ್‌ಬುಕ್ ಕೊಟ್ಟೆ. ರಾತ್ರಿ ಮೆಸ್ಸಿಗೆ ಯಾರು ಬಂದಿಲ್ಲ ನೋಡೋದು, ಅವರ ರೂಮ್ ಬಾಗಿಲು ತಟ್ಟೋದು, ಅಷ್ಟೇ. ಬಚ್ಚಿಟ್ಟ ಜ್ವರ ಸಿಕ್ಕಿದ್ದೆಲ್ಲಾ ಹೀಗೇನೇ.

ಮಾತ್ರೆ ವಿಷ್ಯದಲ್ಲಿ ನಾನು ತುಂಬಾ ಸ್ಟ್ರಿಕ್ಟ್. ಪ್ಯಾರಾಸಿಟಮಾಲ್ ಬಿಟ್ರೆ ಡಾಕ್ಟರ್ ಹೇಳದೆ ಏನೂ ತಗೋಬಾರ್ದು. ಮೈಕೈ ನೋವು ಅಂತ ಬ್ರೂಫೆನ್ನೋ, ಪೀರಿಯಡ್ಸ್ ನೋವಿಗೆ ಇಟ್ಕೊಂಡಿರೋ ಮಾತ್ರೆನೋ ನುಂಗಿಬಿಡ್ತಾರೆ, ಡೆಂಗಿ ಆಗಿದ್ರೆ ಅದ್ರಿಂದ ರಕ್ತಸ್ರಾವ ಆಗೋ ಅಪಾಯ ಜಾಸ್ತಿ. ಜ್ವರ ಬಂದ ಐದು ದಿನದೊಳಗೆ ಎನ್‌ಎಸ್1 ಟೆಸ್ಟ್ (ಡೆಂಗಿ ಪತ್ತೆ ಮಾಡೋ ರಕ್ತಪರೀಕ್ಷೆ), ಜೊತೆಗೆ ಓಆರ್‌ಎಸ್, ಗಂಜಿ.

ಎಲ್ರೂ ತಪ್ಪು ತಿಳ್ಕೊಳ್ಳೋದು ಒಂದಿದೆ, ಜ್ವರ ಇಳಿದ್ರೆ ವಾಸಿ ಆಯ್ತು ಅಂತ. ಡೆಂಗಿಲಿ ಜ್ವರ ಇಳಿದ ಮೇಲಿನ ಒಂದೆರಡು ದಿನಾನೇ ಹೆಚ್ಚು ಭಯ. ನಮ್ಮ ಹುಡುಗಿ ಒಬ್ಳು ಐದನೇ ದಿನ ಜ್ವರ ಇಲ್ಲ ಅಂತ ತಲೆಗೆ ನೀರು ಹಾಕ್ಕೊಂಡು ಕ್ಲಾಸಿಗೆ ಹೊರಟಿದ್ಲು, ನಾನು ಬಿಡ್ಲಿಲ್ಲ, ಸಂಜೆಗೆ ಹೊಟ್ಟೆನೋವು, ಬಿಡದೆ ವಾಂತಿ, ಕೈಕಾಲು ತಣ್ಣಗೆ, ಆಟೋದಲ್ಲಿ ಕರ್ಕೊಂಡು ಹೋಗಿ ಅಡ್ಮಿಟ್ ಮಾಡಿದ್ವಿ. ನಾಲ್ಕು ದಿನಕ್ಕೆ ವಾಪಸ್ ಬಂದ್ಲು.

ಇನ್ನು ಸೊಳ್ಳೆ. ಚರಂಡಿಗೆ ಬೈತಾರೆ, ಆದ್ರೆ ಡೆಂಗಿ ಸೊಳ್ಳೆ ಬೆಳೆಯೋದು ಶುದ್ಧ ನೀರಲ್ಲಿ, ಕಚ್ಚೋದು ಹಗಲಲ್ಲಿ. ನಮ್ಮಲ್ಲಿ ನೀರು ಬಿಡೋದೇ ಎರಡು ಹೊತ್ತು, ಹಾಗಾಗಿ ರೂಮಿಗೆ ಎರಡು ಬಕೆಟ್ ಯಾವಾಗ್ಲೂ ತುಂಬಿರತ್ತೆ. ಮೊಟ್ಟೆ ಸೊಳ್ಳೆ ಆಗೋಕೆ ಹತ್ತಿರ ಹತ್ತಿರ ಎಂಟು ಹತ್ತು ದಿನ ಬೇಕು, ಅದಕ್ಕೇ ಪ್ರತಿ ಭಾನುವಾರ ಎಲ್ಲಾ ಖಾಲಿ ಮಾಡಿ ಒಳಗೋಡೆ ಬ್ರಷ್‌ನಿಂದ ಉಜ್ಜಿ ಬೋರಲು ಹಾಕ್ತೀವಿ, ಮೊಟ್ಟೆ ಅಂಟಿರೋದು ಅಲ್ಲೇ. ಮೆಸ್ ಫ್ರಿಜ್ ಹಿಂದಿನ ಟ್ರೇ ಮಾತ್ರ ನಾನೇ ತೆಗ್ದು ಚೆಲ್ತೀನಿ, ಮೊದಲನೇ ಭಾನುವಾರ ಅದ್ರಲ್ಲೇ ಹುಳ ಓಡಾಡ್ತಿದ್ವು.